ಬಿರಡೆ ಬದಲಿಸಿದರೆ ಶ್ರುತಿ ನಿಲ್ಲುತ್ತದೆಯೇ?

ಬಾಸ್ ಗಿಟಾರಿನ ಶ್ರುತಿ ಪದೇಪದೇ ಇಳಿಯತೊಡಗಿದರೆ ನುಡಿಸುವವರ ಅನುಮಾನ ಮೊದಲು ಹೋಗುವುದು ಅದರ ತಲೆಯ ಮೇಲಿನ ಬಿರಡೆಗಳ, ಅಂದರೆ ಟ್ಯೂನರ್‌ಗಳ ಕಡೆಗೆ. ಹಳೆಯವನ್ನು ಕಳಚಿ ದುಬಾರಿಯ ಹೊಸವನ್ನು ಕೂರಿಸಿದರೆ ತೊಂದರೆ ತೀರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟ್ಯೂನರ್ ಬದಲಿಸಲು ಒಳ್ಳೆಯ ಕಾರಣಗಳು ಖಂಡಿತ ಇವೆ, ಆದರೆ ಶ್ರುತಿ ಇಳಿಯುವುದು ಬಹುಪಾಲು ಆ ಪಟ್ಟಿಯಲ್ಲಿ ಇಲ್ಲ. ಇದಕ್ಕೆ ಸಾಕ್ಷಿ ಟ್ಯೂನರ್‌ನ ರಚನೆಯಲ್ಲೇ ಇದೆ. ವೀಣೆಯ ಮರದ ಬಿರಡೆ ತಂತಿಯ ಸೆಳೆತವನ್ನು ತಡೆಯುವುದು ರಂಧ್ರದ ಒಳಮೈಗೂ ತನಗೂ ನಡುವಿನ ಘರ್ಷಣೆಯಿಂದ ಮಾತ್ರ. ಹಿಡಿತ ಸಡಿಲವಾದರೆ ಅದು ಹಿಂದಕ್ಕೆ ಜಾರುತ್ತದೆ. ಬಾಸ್ ಗಿಟಾರಿನ ಟ್ಯೂನರ್‌ನಲ್ಲಿ ಬೆರಳಿನಿಂದ ತಿರುಗಿಸುವ ಕಿವಿಯ ದಂಡಕ್ಕೆ ವರ್ಮ್ ಎಂಬ ತಿರುಪು ಇದೆ, ಅದು ತಂತಿ ಸುತ್ತುವ ಕಂಬದ ಬುಡದ ಹಲ್ಲುಗಾಲಿಗೆ ಕಚ್ಚಿಕೊಂಡಿರುತ್ತದೆ. ಕಿವಿಯನ್ನು ಸುಮಾರು 20 ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು ತಿರುಗುತ್ತದೆ. ತಿರುಪಿನ ಏಣುಗಳ ಓರೆ ತೀರ ಕಡಿಮೆ ಇರುವುದರಿಂದ ತಿರುಪು ಗಾಲಿಯನ್ನು ತಿರುಗಿಸಬಲ್ಲದೇ ಹೊರತು ಗಾಲಿ ತಿರುಪನ್ನು ತಿರುಗಿಸಲಾರದು. ತಂತಿ 15–20 ಕಿಲೋ ಭಾರದಷ್ಟು ಬಲದಿಂದ ಎಳೆದರೂ ಕಿವಿ ತಾನಾಗಿ ಹಿಂದೆ ಸರಿಯುವುದಿಲ್ಲ. ಅಗ್ಗದ ಟ್ಯೂನರ್‌ಗೂ ಈ ಗುಣವಿದೆ.

ಹಾಗಾದರೆ ಶ್ರುತಿ ಎಲ್ಲಿ ಸೋರಿಹೋಗುತ್ತದೆ? ಕಂಪನದ ವೇಗ ಬಿಗಿತದ ವರ್ಗಮೂಲಕ್ಕೆ ಅನುಗುಣ. ಬಿಗಿತ ನೂರಕ್ಕೆ ಒಂದರಷ್ಟು ತಗ್ಗಿದರೆ ಸ್ವರ ಅರ್ಧಸ್ವರದ ನೂರರಲ್ಲಿ ಸುಮಾರು 9 ಪಾಲು ಕೆಳಗಿಳಿಯುತ್ತದೆ, ಪಳಗಿದ ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ. 18 ಕಿಲೋ ಬಿಗಿತದ ತಂತಿಯಲ್ಲಿ ಅದು ಬರೀ 180 ಗ್ರಾಂ. ಇಷ್ಟು ಚಿಕ್ಕ ನಷ್ಟಕ್ಕೆ ದಾರಿಗಳು ಹಲವು. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಕಂಬದ ಮೇಲೆ ಸುತ್ತುಗಳು ಸಾಲದಿದ್ದರೆ ಅಥವಾ ಒಂದರ ಮೇಲೊಂದು ಏರಿದ್ದರೆ ಅಲ್ಲೇ ಜಾರುತ್ತದೆ. ತಲೆಯೂ ಕತ್ತೂ ಸೇರುವಲ್ಲಿರುವ ನಟ್ ಎಂಬ ಪಟ್ಟಿಯ ಗೀರು ಕಿರಿದಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು, ನುಡಿಸುವಾಗ ಥಟ್ಟನೆ ಬಿಡಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡದು ಮರ. 1951ರಲ್ಲಿ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬಾಸ್‌ನಿಂದ ಈಚೆಗೆ ನಟ್‌ನಿಂದ ತಂತಿಯ ಕೆಳತುದಿ ಕೂರುವ ಬ್ರಿಡ್ಜ್‌ವರೆಗಿನ 34 ಇಂಚು, ಅಂದರೆ ಸುಮಾರು 86 ಸೆಂ.ಮೀ., ವಾಡಿಕೆಯ ಅಳತೆಯಾಗಿದೆ. ಅಷ್ಟು ಉದ್ದದ ತಂತಿಗಳನ್ನು ಹೊತ್ತ ಕತ್ತು ತೇವ ಹೀರಿ, ಒಣಗಿ ಕೂದಲೆಳೆಯಷ್ಟು ಬಾಗಿದರೂ ನಾಲ್ಕೂ ತಂತಿಗಳ ಸ್ವರ ಒಟ್ಟಿಗೆ ಅಲುಗುತ್ತದೆ. ಇದಾವುದನ್ನೂ ಟ್ಯೂನರ್ ತಡೆಯಲಾರದು.

ಹೊಸ ಟ್ಯೂನರ್ ಹಾಕಿದ ಮೇಲೆ ಶ್ರುತಿ ನಿಂತದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಆದರೆ ಟ್ಯೂನರ್ ಬದಲಿಸಬೇಕಾದರೆ ಹಳೆಯ ತಂತಿ ಬಿಚ್ಚಬೇಕು, ಸಾಮಾನ್ಯವಾಗಿ ಹೊಸದನ್ನು ಹಾಕಬೇಕು, ಅದನ್ನು ಈ ಸಲ ಜೋಪಾನವಾಗಿ ಸುತ್ತಬೇಕು. ಒಂದೇ ಸಲಕ್ಕೆ ಮೂರು ಸಂಗತಿ ಬದಲಾಗಿರುವಾಗ ಹೆಸರು ಮಾತ್ರ ದುಬಾರಿಯ ವಸ್ತುವಿಗೆ ಸಲ್ಲುತ್ತದೆ. ಇನ್ನೊಂದು ವಾದ ಹಲ್ಲುಗಳ ನಡುವಿನ ಸಡಿಲದ ಬಗ್ಗೆ. ಅದು ನಿಜವಾದ ದೋಷ. ಸವೆದ ಟ್ಯೂನರ್‌ನಲ್ಲಿ ಕಿವಿ ಸ್ವಲ್ಪ ತಿರುಗಿದರೂ ಕಂಬ ಅಲುಗುವುದಿಲ್ಲ. ಆದರೆ ಸ್ವರವನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ಮುಟ್ಟಿದರೆ ತಂತಿಯ ಸೆಳೆತವೇ ಹಲ್ಲನ್ನು ಒಂದೇ ಕಡೆಗೆ ಒತ್ತಿ ಹಿಡಿಯುತ್ತದೆ. ಕಂಬವೇ ಗಡಗಡ ಅಲುಗಾಡುತ್ತಿದ್ದರೆ ಮಾತ್ರ ಬದಲಿಸಲೇಬೇಕು. ಸುತ್ತಿನ ಅನುಪಾತ ಹೆಚ್ಚಿರುವ ಮಾದರಿಯಿಂದ ಸ್ವರವನ್ನು ಇನ್ನೂ ನಾಜೂಕಾಗಿ ಕೂರಿಸಬಹುದು, ಆ ಲಾಭ ನಿಜ. ಕೂರಿಸಿದ ಸ್ವರ ಅದರಿಂದ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಟ್ಯೂನರ್ ಬದಲಿಸಲು ನಿಜವಾದ ಕಾರಣ ತೂಕ. ಹಳೆಯ ಶೈಲಿಯ ದೊಡ್ಡ ಟ್ಯೂನರ್ ಒಂದೊಂದೂ 100 ಗ್ರಾಂ ಆಸುಪಾಸು, ಇಂದಿನ ಹಗುರ ಮಾದರಿ 60ರ ಆಸುಪಾಸು. ನಾಲ್ಕರಿಂದ ಉಳಿಯುವ 160 ಗ್ರಾಂ ಕೈಯಲ್ಲಿ ಹಿಡಿದರೆ ಅತ್ಯಲ್ಪ. ಆದರೆ ಗಿಟಾರು ಹೆಗಲಪಟ್ಟಿಯಲ್ಲಿ ತೂಗುವಾಗ ಅದರ ವರ್ತನೆ ಏತದ ಮರದ್ದು: ಪಟ್ಟಿಯ ಮೇಲ್ಗುಂಡಿಯಿಂದ ಸುಮಾರು ಅರ್ಧ ಮೀಟರ್ ಆಚೆ ಕಳೆದ 160 ಗ್ರಾಂ, ಈಚೆ ಬದಿಯಲ್ಲಿ 10 ಸೆಂ.ಮೀ. ದೂರದಲ್ಲಿ ಕೂಡಿಸಿದ 800 ಗ್ರಾಂಗೆ ಸಮ. ಗಿಬ್ಸನ್ ಥಂಡರ್‌ಬರ್ಡ್‌ನಂತಹ ತಲೆಭಾರದ ಬಾಸ್ ನುಡಿಸುವವರ ಎಡಗೈ ಕತ್ತನ್ನು ಎತ್ತಿ ಹಿಡಿಯುವುದರಲ್ಲೇ ದಣಿಯುತ್ತದೆ. ಆ ಕೈ ಬಿಡುಗಡೆಯಾಗುವುದು ಸಂಗೀತಕ್ಕೆ ಆಗುವ ನೇರ ಲಾಭ. ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ತಲೆಯನ್ನೇ ತೆಗೆದುಹಾಕಿ ಟ್ಯೂನರ್‌ಗಳನ್ನು ಬ್ರಿಡ್ಜ್ ಕಡೆಗೆ ಸಾಗಿಸಿದಾಗ ಈ ತರ್ಕವನ್ನು ಕೊನೆಯವರೆಗೂ ಒಯ್ದಿದ್ದರು.

ತಲೆಯ ತೂಕ ನಾದಕ್ಕೂ ತಟ್ಟುತ್ತದೆ. ಬಹಳಷ್ಟು ಬಾಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ ಸುತ್ತಮುತ್ತ ಒಂದು ಸ್ವರ ಬೇಗ ಸಾಯುತ್ತದೆ. ಕತ್ತಿನ ಸ್ವಂತ ಕಂಪನ ಆ ಸ್ವರದ ಸಮೀಪಕ್ಕೆ ಬಂದು ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಜರ್ಮನಿಯ ಸಂಶೋಧಕ ಹೆಲ್ಮುಟ್ ಫ್ಲೈಶರ್ ಕತ್ತಿನ ಕಂಪನವನ್ನು ಅಳೆದು ಈ ಸಂಬಂಧವನ್ನು ತೋರಿಸಿದ್ದಾರೆ. ತಲೆ ಹಗುರವಾದರೆ ಸತ್ತ ಸ್ವರ ಬೇರೆ ಜಾಗಕ್ಕೆ ಸರಿಯಬಹುದು, ಪೂರ್ತಿ ಹೋಗುವ ಭರವಸೆ ಇಲ್ಲ. ಇನ್ನು ಇ ತಂತಿಯನ್ನು ಸನ್ನೆಯ ಒಂದೇ ಎಳೆತಕ್ಕೆ 41.2 ಹರ್ಟ್ಸ್‌ನಿಂದ 36.7ಕ್ಕೆ, ಅಂದರೆ ಡಿ ಸ್ವರಕ್ಕೆ, ಇಳಿಸುವ ಟ್ಯೂನರ್‌ಗಳೂ ಇವೆ. ಹಾಡಿನ ನಡುವೆ ಅದು ಬೇಕೆನ್ನುವವರಿಗೆ ಕೊಟ್ಟ ಹಣ ಸಾರ್ಥಕ.

ಶ್ರುತಿಗಾಗಿಯೇ ಟ್ಯೂನರ್ ಕೊಳ್ಳಲು ಹೊರಟಿದ್ದರೆ ಮೊದಲು ಹೊಸ ತಂತಿ ಹಾಕಿ, ಎರಡು ಮೂರು ಸುತ್ತು ಒತ್ತೊತ್ತಾಗಿ ಕೆಳಮುಖವಾಗಿ ಸುತ್ತಿ, ನಟ್‌ನ ಗೀರುಗಳನ್ನು ಬಲ್ಲವರಿಂದ ಸರಿಮಾಡಿಸಿ. ಅದಾದ ಮೇಲೂ ಕೊಳ್ಳುವುದಾದರೆ ತಲೆಯ ರಂಧ್ರಗಳ ವ್ಯಾಸವನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಒಮ್ಮೆ ಕೊರೆದು ಹಿಗ್ಗಿಸಿದ ರಂಧ್ರಕ್ಕೆ ಹಳೆಯ ಟ್ಯೂನರ್ ಮತ್ತೆ ಕೂರುವುದಿಲ್ಲ.