ಕಾಲಿನ ನಾಳದ ಹೆಪ್ಪು: ತೆಗೆಯಬೇಕೆ?

ಭೂಸನೂರಿನ ಕಬ್ಬಿನ ಹೊಲದಲ್ಲಿ ನೀರುಗಾಲುವೆಗೆ ಹೂಳು ತುಂಬಿದರೆ ರೈತನು ಅದನ್ನು ಎತ್ತಿಹಾಕುವನು. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತವು ಹೆಪ್ಪುಗಟ್ಟಿದಾಗಲೂ ಅದೇ ಉಪಾಯವೆಂದು ನಾವು ಸಹಜವಾಗಿಯೇ ಭಾವಿಸುವೆವು. ಹೆಪ್ಪು ಉಳಿದರೆ ನಾಳದ ಕವಾಟಗಳು ಕೆಟ್ಟು, ವರ್ಷಗಟ್ಟಲೆ ಕಾಲು ಬಾತು ನೋಯುವುದುಂಟು, ಹುಣ್ಣೂ ಆಗಬಹುದು.

ಈ ಭಾವನೆಯನ್ನು ಅಮೆರಿಕದ ವೈದ್ಯರು ‘ಅಟ್ರ್ಯಾಕ್ಟ್’ ಎಂಬ ಪ್ರಯೋಗದಲ್ಲಿ ಒರೆಗೆ ಹಚ್ಚಿದರು. 692 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎಲ್ಲರಿಗೂ ಹೆಪ್ಪು ಬೆಳೆಯದಂತೆ ತಡೆಯುವ ಔಷಧವನ್ನಿತ್ತರು. ಒಂದು ಗುಂಪಿಗೆ ಮಾತ್ರ ನಾಳದೊಳಗೆ ನಳಿಕೆ ಹಾಯಿಸಿ ಹೆಪ್ಪನ್ನು ಕರಗಿಸಿ ತೆಗೆದರು. 2017ರಲ್ಲಿ ಪ್ರಕಟವಾದ ಫಲವೇನು? ಎರಡು ವರ್ಷಗಳೊಳಗೆ ಕಾಲಿನ ತೊಂದರೆ ಕಂಡದ್ದು ತೆಗೆಸಿಕೊಂಡವರಲ್ಲಿ ಶೇಕಡಾ 47, ಉಳಿದವರಲ್ಲಿ 48! ಮೊದಲ ಹತ್ತು ದಿನಗಳ ಭಾರಿ ರಕ್ತಸ್ರಾವವಾದರೋ ಶೇಕಡಾ 0.3ರ ಬದಲು 1.7. ಆದರೂ ಮಧ್ಯಮ ಮತ್ತು ತೀವ್ರ ತೊಂದರೆಯು 24ರ ಬದಲು 18 ಮಂದಿಯಲ್ಲಷ್ಟೇ ಕಂಡಿತು, ಪ್ರತಿ ನೂರಕ್ಕೆ. ಆದುದರಿಂದ ವೈದ್ಯರು ಈ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ ಮಾತ್ರ ಮೀಸಲಿಡುತ್ತಾರೆ.