ಆಟಗಾರನ ವಿಶ್ರಾಂತಿ ಯಾರ ಹೊಣೆ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ತಂಡದ ಪರ ಆಡುತ್ತಿದ್ದ ಸ್ಪೇನಿನ ಆಟಗಾರ ರೋದ್ರಿ 2024ರ ಸೆಪ್ಟೆಂಬರ್ 17ರಂದು ಒಂದು ಎಚ್ಚರಿಕೆಯ ಮಾತು ಆಡಿದರು. ಪಂದ್ಯಗಳ ಸಂಖ್ಯೆ ಹೀಗೆಯೇ ಏರುತ್ತ ಹೋದರೆ ಆಟಗಾರರು ಮುಷ್ಕರ ಹೂಡುವ ದಿನ ದೂರವಿಲ್ಲ ಎಂದರು. ಒಂದು ಋತುವಿನಲ್ಲಿ ನಲವತ್ತರಿಂದ ಐವತ್ತು ಪಂದ್ಯಗಳವರೆಗೆ ಮಾತ್ರ ಆಟಗಾರ ತನ್ನ ಪೂರ್ಣ ಸಾಮರ್ಥ್ಯದಿಂದ ಆಡಬಲ್ಲ ಎಂಬುದು ಅವರ ಅನುಭವದ ಮಾತು. ಐದೇ ದಿನಗಳ ಬಳಿಕ ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ಅವರ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮರುತಿಂಗಳು ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು ಅವರು ಊರುಗೋಲಿನ ನೆರವಿನಿಂದ ವೇದಿಕೆ ಏರಿ ಸ್ವೀಕರಿಸಿದರು. 2025ರಲ್ಲಿ ಅದೇ ಪ್ರಶಸ್ತಿ ಪಡೆದ ಫ್ರಾನ್ಸಿನ ಉಸ್ಮಾನ್ ಡೆಂಬೆಲೆ ಕೂಡ ತೊಡೆಯ ಸ್ನಾಯುವಿನ ಗಾಯದಿಂದಾಗಿ ಆಗ ಮೈದಾನದಿಂದ ಹೊರಗಿದ್ದರು.

ಒಂದು ಗಾಯಕ್ಕೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು, ನಿಜ. ಆದರೆ ವೇಳಾಪಟ್ಟಿಯನ್ನು ಗಮನಿಸಿದವರಿಗೆ ಇವು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಡೆಂಬೆಲೆ ಅವರ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನೇ ನೋಡೋಣ. ಯುರೋಪಿನ ಚಾಂಪಿಯನ್ಸ್ ಲೀಗಿನ ಮೊದಲ ಹಂತದಲ್ಲಿ ಆರು ಪಂದ್ಯಗಳಿದ್ದುದನ್ನು 2024-25ರ ಋತುವಿನಿಂದ ಎಂಟಕ್ಕೆ ಏರಿಸಲಾಯಿತು. ಆ ಟೂರ್ನಿಯಲ್ಲಿ ಒಟ್ಟು 17 ಪಂದ್ಯಗಳನ್ನಾಡಿ ಈ ತಂಡ 2025ರ ಮೇ 31ರಂದು ಪ್ರಶಸ್ತಿ ಗೆದ್ದಿತು. ಜೂನ್ 15ಕ್ಕೆ ಅಮೆರಿಕದಲ್ಲಿ, 32 ತಂಡಗಳಿಗೆ ಹೊಸದಾಗಿ ವಿಸ್ತರಿಸಲಾಗಿದ್ದ ಫಿಫಾ ಕ್ಲಬ್ ವಿಶ್ವಕಪ್‌ನಲ್ಲಿ ಕಣಕ್ಕಿಳಿಯಿತು. ಜುಲೈ 13ರಂದು ಅದರ ಫೈನಲ್ ಆಡಿ ಸೋತು, ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 13ರಂದು, ಸೂಪರ್ ಕಪ್‌ಗಾಗಿ ಮತ್ತೆ ಮೈದಾನದಲ್ಲಿತ್ತು. ರಜೆ, ಪೂರ್ವತಯಾರಿ ಎರಡಕ್ಕೂ ಸೇರಿ ಸಿಕ್ಕಿದ್ದು ಆ ಒಂದು ತಿಂಗಳು ಮಾತ್ರ. ಸೆಪ್ಟೆಂಬರಿನಲ್ಲಿ ಡೆಂಬೆಲೆ ಗಾಯಗೊಂಡದ್ದು ತಮ್ಮ ದೇಶದ ಪರ ಆಡುವಾಗ. ಕೂಡಲೇ ಕ್ಲಬ್ಬು ಫ್ರಾನ್ಸಿನ ಫುಟ್‌ಬಾಲ್ ಒಕ್ಕೂಟವನ್ನು ದೂರಿತು!

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಜಗಳ ಅಪರಿಚಿತವಲ್ಲ. ನಮ್ಮ ಹಳ್ಳಿಗಳ ಗೋಮಾಳದ ಕಥೆಯೇ ಇದು. ಊರಿನ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಮೇಯಲು ಬಿಟ್ಟರೆ ಅದರ ಲಾಭ ಪೂರ್ತಿ ಅವನದು. ಹುಲ್ಲು ಬರಿದಾಗುವ ನಷ್ಟ ಮಾತ್ರ ಊರಿನದು. ಫಿಫಾ, ಯುರೋಪಿನ ಒಕ್ಕೂಟವಾದ ಯೂಫಾ, ದೇಶೀಯ ಲೀಗ್‌ಗಳು, ವಿದೇಶ ಪ್ರವಾಸದಿಂದ ಹಣ ಗಳಿಸುವ ಕ್ಲಬ್‌ಗಳು, ಎಲ್ಲವೂ ತಂತಮ್ಮ ಪಾಲಿಗೆ ಕೆಲವೇ ಪಂದ್ಯಗಳನ್ನು ಸೇರಿಸುತ್ತವೆ. ಕ್ಲಬ್ ವಿಶ್ವಕಪ್‌ನ ಬಹುಮಾನದ ಮೊತ್ತವೇ ನೂರು ಕೋಟಿ ಡಾಲರ್. 2026ರ ವಿಶ್ವಕಪ್ಪನ್ನು 32ರ ಬದಲು 48 ತಂಡಗಳಿಗೆ, 64ರ ಬದಲು 104 ಪಂದ್ಯಗಳಿಗೆ ಹಿಗ್ಗಿಸಲಾಯಿತು. ಟಿ.ವಿ. ಹಕ್ಕಿನ ಆದಾಯ ಸಂಘಟಕರದು. ಸವೆಯುವುದು ಆಟಗಾರನ ದೇಹ. ಒಟ್ಟು ಲೆಕ್ಕ ಇಡುವವರು ಯಾರೂ ಇಲ್ಲ.

ಈ ಸವೆತ ಮೇಲ್ನೋಟಕ್ಕೆ ಕಾಣುವುದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. ಒಂದು ಪಂದ್ಯದಲ್ಲಿ ಆಟಗಾರ ಸುಮಾರು 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ. ಬರಿದಾದ ಸ್ನಾಯುಗಳ ಶಕ್ತಿಸಂಚಯ ಮತ್ತೆ ತುಂಬಲು ಎರಡು-ಮೂರು ದಿನ ಬೇಕು. ಗ್ರೆಗರಿ ಡ್ಯುಪಾಂಟ್ ಮತ್ತು ಸಂಗಡಿಗರು ಉನ್ನತ ಮಟ್ಟದ ತಂಡವೊಂದರ 32 ವೃತ್ತಿಪರ ಆಟಗಾರರನ್ನು ಎರಡು ಋತುಗಳ ಕಾಲ ಗಮನಿಸಿ 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ವಾರಕ್ಕೆ ಒಂದು ಪಂದ್ಯವಾಡಿದಾಗಲೂ ಎರಡು ಪಂದ್ಯವಾಡಿದಾಗಲೂ ಆಟಗಾರರು ಓಡಿದ ದೂರದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ಪ್ರತಿ ಸಾವಿರ ಗಂಟೆಗಳಿಗೆ 4.1ರಷ್ಟಿದ್ದ ಗಾಯದ ಪ್ರಮಾಣ 25.6ಕ್ಕೆ ಏರಿತ್ತು. ಎಂದರೆ ಪ್ರೇಕ್ಷಕನಿಗೆ, ತರಬೇತುದಾರನಿಗೆ, ಪ್ರಾಯಶಃ ಆಟಗಾರನಿಗೂ ಎಲ್ಲವೂ ಸರಿಯಾಗಿದೆ ಎಂದು ತೋರುತ್ತಿರುವಾಗಲೇ ದೇಹ ಸಾಲ ಮಾಡುತ್ತಿರುತ್ತದೆ. ಸ್ಪೇನಿನ ಪೆದ್ರಿ 2020-21ರಲ್ಲಿ ಕ್ಲಬ್, ದೇಶ, ಒಲಿಂಪಿಕ್ಸ್ ಎಲ್ಲ ಸೇರಿ 73 ಪಂದ್ಯಗಳನ್ನಾಡಿದಾಗ ಅವರ ವಯಸ್ಸು ಹದಿನೆಂಟು. ಮರುವರ್ಷದ ಬಹುಭಾಗವನ್ನು ಅವರು ತೊಡೆಯ ಗಾಯದಲ್ಲಿ ಕಳೆಯಬೇಕಾಯಿತು.

ಕೋಟಿ ಕೋಟಿ ಸಂಬಳ ಪಡೆಯುವವರ ದಣಿವಿಗೆ ಮರುಗಬೇಕೇ ಎಂದು ಕೇಳುವವರಿದ್ದಾರೆ. ಇಂಥ ಒತ್ತಡ ಅನುಭವಿಸುವವರು ಅಗ್ರಶ್ರೇಣಿಯ ಕೆಲವರು ಮಾತ್ರ. ಕೆಳಹಂತದ ಎಷ್ಟೋ ಆಟಗಾರರಿಗೆ ಸಾಕಷ್ಟು ಪಂದ್ಯಗಳೇ ಸಿಗುವುದಿಲ್ಲ ಎಂಬುದೂ ಸತ್ಯ. ಆದರೆ ಸಂಬಳ ದುಡಿಮೆಯ ಬೆಲೆಯೇ ಹೊರತು ಸ್ನಾಯುವಿನ ಬೆಲೆಯಲ್ಲ. ತಂಡದಲ್ಲಿ 25 ಮಂದಿ ಇದ್ದಾರಲ್ಲ, ಸರದಿಯಂತೆ ಆಡಿಸಬಹುದಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ನಾಲ್ಕು ಪಂದ್ಯ ಸೋತರೆ ಕೆಲಸ ಕಳೆದುಕೊಳ್ಳುವ ತರಬೇತುದಾರ ತನ್ನ ಶ್ರೇಷ್ಠ ಹನ್ನೊಂದು ಮಂದಿಯನ್ನೇ ಆಡಿಸುತ್ತಾನೆ. 'ನಾನು ದಣಿದಿದ್ದೇನೆ' ಎಂದ ಆಟಗಾರನ ಸ್ಥಾನಕ್ಕೆ ಇನ್ನೊಬ್ಬ ಕಾದಿರುತ್ತಾನೆ.

ವಿಶ್ರಾಂತಿಯನ್ನು ಚೌಕಾಸಿಗೆ ಬಿಡಬಾರದು ಎಂಬುದಕ್ಕೆ ಕಾರಣ ಇದೇ. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆಯನ್ನು ಕಡ್ಡಾಯಗೊಳಿಸಿದ್ದು ಕಾರ್ಮಿಕನಿಗೆ ವಿವೇಕವಿಲ್ಲವೆಂದಲ್ಲ. ಒಬ್ಬನೇ ನಿಂತು ರಜೆ ಕೇಳುವ ಶಕ್ತಿ ಅವನಿಗಿಲ್ಲವೆಂದು. 2025ರ ಜುಲೈನಲ್ಲಿ ಫಿಫಾ, ಪಂದ್ಯಗಳ ನಡುವೆ 72 ಗಂಟೆ ಹಾಗೂ ಋತುವಿನ ಕೊನೆಯಲ್ಲಿ 21 ದಿನಗಳ ವಿಶ್ರಾಂತಿ ಇರಬೇಕೆಂಬ ಬಗ್ಗೆ ಒಮ್ಮತ ಮೂಡಿದೆ ಎಂದು ಪ್ರಕಟಿಸಿತು. ಸ್ವಾಗತಾರ್ಹವೇ. ಆದರೆ ಆ ಸಭೆಯಲ್ಲಿ ಆಟಗಾರರ ಜಾಗತಿಕ ಸಂಘಟನೆ ಫಿಫ್‌ಪ್ರೊಗೆ ಸ್ಥಾನವಿರಲಿಲ್ಲ. ಅದರ ಯುರೋಪ್ ವಿಭಾಗ ಮತ್ತು ಯುರೋಪಿನ ಲೀಗ್‌ಗಳು 2024ರ ಅಕ್ಟೋಬರಿನಲ್ಲೇ ಫಿಫಾ ವಿರುದ್ಧ ಯುರೋಪಿಯನ್ ಆಯೋಗಕ್ಕೆ ದೂರು ಸಲ್ಲಿಸಿದ್ದವು.

ಗೋಮಾಳ ಉಳಿಯಬೇಕಾದರೆ ಎಷ್ಟು ದನ ಮೇಯಬಹುದೆಂದು ಊರವರೆಲ್ಲ ಕೂಡಿ ನಿಶ್ಚಯಿಸಬೇಕು, ಮೀರಿದವನಿಗೆ ದಂಡವಿರಬೇಕು. ಹಾಗೆಯೇ ಆಟಗಾರನೊಬ್ಬ ವರ್ಷಕ್ಕೆ ಆಡಬಹುದಾದ ಪಂದ್ಯಗಳಿಗೆ ಒಂದು ಮಿತಿ ಬೇಕು. ಅದು ಕ್ಲಬ್ಬಿಗೂ ದೇಶಕ್ಕೂ ಸಮಾನವಾಗಿ ಅನ್ವಯಿಸಬೇಕು. ಅದನ್ನು ಗೊತ್ತುಪಡಿಸುವ ಮೇಜಿನ ಸುತ್ತ ಆಟಗಾರರ ಪ್ರತಿನಿಧಿಗಳೂ ಕುಳಿತಿರಬೇಕು. ಪಂದ್ಯ ಹೆಚ್ಚಾದಷ್ಟೂ ಲಾಭ ಎಂದು ಎಣಿಸುವ ಸಂಘಟಕರು ಒಂದನ್ನು ನೆನಪಿಡಬೇಕು: ನಿದ್ದೆಗೆಟ್ಟು ಟಿ.ವಿ. ಮುಂದೆ ಕೂರುವ ಜನ ನೋಡಬಯಸುವುದು ರೋದ್ರಿ, ಡೆಂಬೆಲೆಯಂಥವರ ಆಟವನ್ನು, ಅವರ ಗೈರುಹಾಜರಿಯನ್ನಲ್ಲ.