ಬೆರಣಿ ಉರಿಸಿ ಓಡಿದ ಹಡಗು

ಬೆರಣಿಯಿಂದ ಒಲೆ ಉರಿಸೋದು ನಮಗೆಲ್ಲ ಗೊತ್ತು. ಆದರೆ ಹಡಗನ್ನೇ ಓಡಿಸಿದವರಿದ್ದಾರೆ ಅಂದ್ರೆ ನಂಬ್ತೀರಾ? ಆ ಹಡಗಿನ ಹೆಸರು ಯವಾರಿ. ಊರು, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಟಿಟಿಕಾಕಾ ಸರೋವರದ ದಡದಲ್ಲಿರುವ ಪುನೋ.

ಈ ಸರೋವರ ಇರೋದು ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಆಂಡಿಸ್ ಪರ್ವತಗಳ ನಡುವೆ. ಅಲ್ಲಿಗೆ ಕಬ್ಬಿಣದ ಹಡಗು ಹೋಗೋದಾದರೂ ಹೇಗೆ? 1860ರ ದಶಕದ ಆರಂಭದಲ್ಲಿ ಪೆರು ಸರ್ಕಾರ ಇಂಗ್ಲೆಂಡಿನಲ್ಲಿ ಎರಡು ಉಗಿಹಡಗು ಮಾಡಿಸಿತು: ಯವಾರಿ ಮತ್ತು ಅದರ ಜೋಡಿ ಯಪುರಾ. ಎರಡನ್ನೂ ಬಿಡಿಭಾಗಗಳಾಗಿ ಬಿಚ್ಚಿ ಕಳಿಸಿದರು. ಒಟ್ಟು 2,766 ತುಂಡುಗಳು! ಒಂದು ಹೇಸರಗತ್ತೆ ಎಷ್ಟು ಹೊರಬಲ್ಲದೋ ಅಷ್ಟೇ ಒಂದು ತುಂಡಿನ ತೂಕ ಇರಬೇಕು ಅನ್ನೋದು ಲೆಕ್ಕಾಚಾರ.

ಅರಿಕಾ ಬಂದರಿನಿಂದ ತಕ್ನಾ ಊರಿನವರೆಗೆ ರೈಲು ಇತ್ತು. ಅಲ್ಲಿಂದ ಮುಂದೆ ಹೇಸರಗತ್ತೆಯ ಬೆನ್ನು, ಹಮಾಲರ ಹೆಗಲು. ಆರು ತಿಂಗಳ ಕೆಲಸ ಅಂದುಕೊಂಡಿದ್ದು ಆರು ವರ್ಷ ಹಿಡಿಯಿತು. ಪುನೋದಲ್ಲಿ ತುಂಡು ತುಂಡು ಜೋಡಿಸಿ, 1870ರ ಕ್ರಿಸ್‌ಮಸ್ ದಿನ ಯವಾರಿಯನ್ನು ನೀರಿಗಿಳಿಸಿದರು.

ಆಮೇಲೆ ಇನ್ನೊಂದು ತಾಪತ್ರಯ. ಅಷ್ಟು ಎತ್ತರಕ್ಕೆ ಕಲ್ಲಿದ್ದಲು ಹೊರಿಸಿ ತರೋರು ಯಾರು? ಸುತ್ತಮುತ್ತ ಕಟ್ಟಿಗೆಯೂ ಕಮ್ಮಿ. ಜನ ಮನೆಯಲ್ಲಿ ಏನು ಉರಿಸುತ್ತಿದ್ದರೋ ಅದೇ ಬಾಯ್ಲರಿಗೂ ಹೋಯಿತು: ಲಾಮಾ ಪ್ರಾಣಿಯ ಒಣಗಿದ ಸಗಣಿ. ಇಂಗ್ಲೆಂಡಿನ ಯಂತ್ರ ಬೆಟ್ಟದೂರಿನ ಬದುಕಿಗೆ ಹೊಂದಿಕೊಂಡಿದ್ದು ಹೀಗೆ. 1914ರಲ್ಲಿ ಸ್ವೀಡನ್ನಿನ ಬೋಲಿಂಡರ್ ಎಂಜಿನ್ ಬಂದು, ಉಗಿಯ ಕಾಲ ಮುಗಿಯಿತು.

ಕಾಲ ಕಳೆದಂತೆ ಯವಾರಿ ಮೂಲೆಗುಂಪಾಯಿತು. ಗುಜರಿಗೆ ಹೋಗಬೇಕಿದ್ದ ಅದನ್ನು 1987ರಲ್ಲಿ ಕೊಂಡು ಉಳಿಸಿದವರು ಮೇರಿಯಲ್ ಲಾರ್ಕೆನ್ ಎಂಬ ಬ್ರಿಟಿಷ್ ಮಹಿಳೆ. ಸರೋವರದ್ದು ಸಮುದ್ರದಷ್ಟು ಉಪ್ಪಿಲ್ಲದ ನೀರು. ಹಾಗಾಗಿ ನೂರು ವರ್ಷ ದಾಟಿದರೂ ಕಬ್ಬಿಣದ ಒಡಲು ಗಟ್ಟಿಯಾಗಿತ್ತು. ದುರಸ್ತಿಯಾಗಿ ಅದು ವಸ್ತುಸಂಗ್ರಹಾಲಯವಾಯಿತು.

ಪುನೋಗೆ ಹೋಗುವವರಿಗೆ ಒಂದು ಕಿವಿಮಾತು. ಹಡಗಿನೊಳಗೆ ಪ್ರವೇಶ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಎತ್ತರದ ಗಾಳಿಯಲ್ಲಿ ಉಸಿರು ಕಟ್ಟಿದಂತಾಗುತ್ತೆ. ಮೊದಲ ದಿನ ಸುತ್ತಾಟ ಬೇಡ, ಸುಮ್ಮನೆ ವಿಶ್ರಾಂತಿ ತಗೊಳ್ಳಿ. ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಂದಾಗ, ಇದೇ ಗಾಳಿಯಲ್ಲಿ ಕಬ್ಬಿಣ ಹೊತ್ತು ನಡೆದವರ ನೆನಪಾದರೆ ಸಾಕು. ಆ ಹಡಗು ಏನು ಅನ್ನೋದು ಅರ್ಥವಾದ ಹಾಗೆ.